ಓದಿ ಹೇಳಿದವರ ಸಹಿ

ನಮ್ಮ ಹೈಸ್ಕೂಲಿನಲ್ಲಿ ಮಾತಾ-ಪಾಲಕ ಸಂಘ ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದೇ ನನ್ನನ್ನು ಅದರ ಕಾರ್ಯದರ್ಶಿ ಮಾಡಿದ ದಿನ. ವರ್ಗವಾಗಿ ಹೋದ ಹಿಂದಿನ ಕಾರ್ಯದರ್ಶಿ ಒಂದು ನಡಾವಳಿ ಪುಸ್ತಕ ಬಿಟ್ಟುಹೋಗಿದ್ದರು. ಅದರ ಪ್ರಕಾರ ಪ್ರತಿ ಸಭೆಗೂ ಅದೇ ಒಂಬತ್ತು ಜನ ತಾಯಂದಿರು ಬಂದಿದ್ದರು, ಅದೇ ವಿಷಯ ಚರ್ಚಿಸಿದ್ದರು, ಅದೇ ಚಹಾ ಕುಡಿದು ಎದ್ದಿದ್ದರು. ವಿಚಾರಿಸಿದಾಗ ಆ ಒಂಬತ್ತರಲ್ಲಿ ಇಬ್ಬರು ತೀರಿಕೊಂಡು ವರ್ಷಗಳೇ ಆಗಿವೆ ಎಂದು ತಿಳಿಯಿತು. ಸತ್ತವರು ತಪ್ಪದೆ ಬರುತ್ತಿದ್ದ ಸಭೆಗೆ ಬದುಕಿದ್ದವರನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಸಮಾಜ ವಿಜ್ಞಾನ ಕಲಿಸುವವಳು, ಊರವರ ಬಾಯಲ್ಲಿ ‘ಬಾಯಾರು’. ಕೆಲಸ ಅಂದರೆ ಕೆಲಸ ಎನ್ನುವ ಸ್ವಭಾವ. ಅರ್ಧ ಮಾಡಿ ಬಿಟ್ಟ ಕೆಲಸ ಕಂಡರೆ ಮೈ ಉರಿಯುತ್ತದೆ. ಈ ಗುಣಕ್ಕೆ ನನ್ನನ್ನು ಹೊಗಳಿದವರು ಬಹಳ. ಆ ಹೊಗಳಿಕೆ ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಒಂದು ಕೆಲಸ ಯಾವಾಗಲೂ ಹೆಚ್ಚುವರಿ ಇರುತ್ತದೆ. ಕಚೇರಿಯಿಂದ ಬರುವ ಕಾಗದವೆಲ್ಲ ಮರಾಠಿಯಲ್ಲಿರುತ್ತದೆ. ನಮ್ಮ ಪಾಲಕರು ಮರಾಠಿ ಆಡುತ್ತಾರೆ, ಸಂತೆಯಲ್ಲಿ ಮರಾಠಿಯಲ್ಲೇ ಜಗಳ ಮಾಡುತ್ತಾರೆ, ಆದರೆ ತಾಯಂದಿರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುವುದಿಲ್ಲ, ಮರಾಠಿಯದೂ ಇಲ್ಲ, ಕನ್ನಡದ್ದೂ ಇಲ್ಲ. ಆದರೂ ಮೊದಲ ಸಭೆಯ ಸೂಚನೆಯನ್ನು ಕನ್ನಡಕ್ಕೆ ಮಾಡಿಸಿ, ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಕೈಯಿಂದ ಪ್ರತಿ ಬರೆಸಿ, ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿದೆ. ಆ ಹುಡುಗಿಯ ಅಕ್ಷರ ಬಹಳ ಚೆಂದ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈಗ ಎಲ್ಲಿದ್ದಾಳೋ, ಅವಳ ಹೆಸರನ್ನು ಇನ್ನೊಂದು ಕಾಗದದ ಮೇಲೆ ಬರೆಯುವ ಹಕ್ಕು ನನಗಿಲ್ಲ.

ಸಭೆಗೆ ಬಂದವರು ಇಬ್ಬರು. ಅವರಲ್ಲಿ ಒಬ್ಬಾಕೆ ನಮ್ಮ ಶಾಲೆಯ ಅಡುಗೆಯವಳು, ಅವಳು ಹೇಗೂ ಅಲ್ಲೇ ಇದ್ದಳು.

ಯಾಕೆ ಬರಲಿಲ್ಲ ಎಂದು ಮಕ್ಕಳನ್ನು ಗದರಿಸಿದೆ. ಕಳೆ ತೆಗೆಯುವ ಹಂಗಾಮು, ದಾಳಿಂಬೆ ತೋಟದ ಕೂಲಿ, ಮರಿ ಹಾಕಿದ ಕುರಿ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಅರ್ಧಕ್ಕರ್ಧ ಚೀಟಿಗಳು ಮನೆಗೆ ಮುಟ್ಟೇ ಇರಲಿಲ್ಲ. ಇದು ಹೈಸ್ಕೂಲಿನ ರೋಗ. ಒಂದನೇ ತರಗತಿಯ ಮಗುವಿಗೆ ಅವ್ವ ಶಾಲೆಯ ಬಾಗಿಲಿಗೆ ಬಂದರೆ ಹಬ್ಬ. ಎಂಟನೇ ತರಗತಿಗೆ ಬಂದ ಮೇಲೆ ಅದೇ ಅವ್ವ ಸೆರಗಿಗೆ ಕುರಿಹಿಕ್ಕೆಯ ವಾಸನೆ ಹೊತ್ತು ಬಂದಾಳೆಂದು ನಾಚಿಕೆ. ಮನೆಗೂ ಶಾಲೆಗೂ ನಡುವಿನ ಅಂಚೆಯವನು ಮಗುವೇ ಆಗಿ, ಯಾವ ಕಾಗದ ಮುಟ್ಟಬೇಕು ಯಾವುದು ಮುಟ್ಟಬಾರದು ಎಂದು ಅದೇ ತೀರ್ಮಾನಿಸುತ್ತದೆ.

ಅಂಚೆಯವನನ್ನೇ ತಪ್ಪಿಸಬೇಕು ಎಂದುಕೊಂಡೆ. ಊರಿನ ಎಲ್ಲ ತಾಯಂದಿರೂ ವಾರಕ್ಕೊಮ್ಮೆಯಾದರೂ ಬರುವ ಜಾಗ ಒಂದೇ ಒಂದು, ಹಿಟ್ಟಿನ ಗಿರಣಿ. ಗಿರಣಿಯವನು ಬಿಳೂರಿನಿಂದ ಬಂದು ನೆಲೆಸಿದ ಸಜ್ಜನ. ಅವನ ಗಿರಣಿಯ ಗೋಡೆಗೆ ಒಂದು ಫೈಲು ತೂಗುಹಾಕಿ, ಹಗ್ಗಕ್ಕೆ ಒಂದು ಶಾಯಿ ಪ್ಯಾಡು ಕಟ್ಟಿದೆ. ಹಾಜರಿ ಕಡಿಮೆಯಾದ ಸೂಚನೆ, ಪರೀಕ್ಷೆಯ ಗುಣಪಟ್ಟಿ, ಸಭೆಯ ಚೀಟಿ, ಎಲ್ಲವೂ ತಾಯಿಯ ಹೆಸರು ಹೊತ್ತು ಆ ಫೈಲಿನಲ್ಲಿ ಇರುತ್ತಿತ್ತು. ಜೋಳ ಬೀಸುವಷ್ಟರಲ್ಲಿ ಗಿರಣಿಯವನು ಹೆಸರು ಕರೆಯುತ್ತಿದ್ದ, ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹೋಗಿ ಫೈಲು ತರುತ್ತಿದ್ದೆ.

ಎರಡು ತಿಂಗಳಲ್ಲಿ ಒಂದೂ ಚೀಟಿ ಬಾಕಿ ಉಳಿಯಲಿಲ್ಲ. ತಪಾಸಣೆಗೆ ಬಂದ ಶಿಕ್ಷಣ ಇಲಾಖೆಯ ವಿಸ್ತಾರಾಧಿಕಾರಿ ಫೈಲು ತಿರುವಿ ತಿರುವಿ ನೋಡಿ, ಇದು ಇಡೀ ತಾಲೂಕಿಗೆ ಮಾದರಿ ಎಂದರು. ಜತ್ತದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸಿದರು. ಪಾಲಕರ ಸಹಭಾಗ ಹೇಗೆ ಹೆಚ್ಚಿಸಬೇಕು ಎಂದು ನಾನು ಅರ್ಧ ತಾಸು ಮಾತಾಡಿದೆ, ಚಪ್ಪಾಳೆ ಬಿತ್ತು. ಒಬ್ಬ ತಾಯಿಯ ಜೊತೆಗೂ ಐದು ನಿಮಿಷ ಕೂತು ಮಾತಾಡಿಲ್ಲ ಎಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಹೆಬ್ಬೆಟ್ಟುಗಳು ಮಾತ್ರ ನನಗೆ ಪರಿಚಯವಾದವು. ಶನಿವಾರ ಶನಿವಾರ ನೋಡೀ ನೋಡೀ ಹೆಸರು ಮುಚ್ಚಿ ಗುರುತು ಹಿಡಿಯುವಷ್ಟಾದೆ. ಬೀಸಿದ ಹಿಟ್ಟು ಕೈಗಂಟಿರುತ್ತಿದ್ದರಿಂದ ನೇರಳೆ ಶಾಯಿಯ ನಡುವೆ ಬಿಳಿ ಕಣಗಳು ಉಳಿಯುತ್ತಿದ್ದವು. ನನ್ನ ಚೀಟಿ ಬರೆಯುತ್ತಿದ್ದ ಹುಡುಗಿಯ ಅವ್ವನದು ಎಲ್ಲಕ್ಕಿಂತ ಸುಲಭ. ಅವಳ ಬಲಗೈ ಹೆಬ್ಬೆಟ್ಟಿಗೆ ಹಿಂದೊಮ್ಮೆ ಕುಡಗೋಲು ತಾಗಿತ್ತು. ಗಾಯ ಮಾಯ್ದ ಜಾಗ ಅಡ್ಡಲಾಗಿ ಒಂದು ಬಿಳಿ ಗೆರೆಯಾಗಿ ಮೂಡುತ್ತಿತ್ತು.

ಅವರದು ಕುರಿ ಸಾಕುವ ಮನೆತನ. ದೀಪಾವಳಿ ಕಳೆದ ಮೇಲೆ ಹುಡುಗಿಯ ಅಪ್ಪ ಹಿಂಡು ಹೊಡೆದುಕೊಂಡು ನದಿ ದಂಡೆಯ ಕಡೆಗೆ ಹೋದರೆ ತಿರುಗಿ ಬರುವುದು ಮಳೆಗಾಲಕ್ಕೆ. ಅವ್ವ ಮನೆಯಲ್ಲಿ ಮುದಿ ಅತ್ತೆಯನ್ನೂ ಎಳೆ ಮರಿಗಳನ್ನೂ ನೋಡಿಕೊಂಡು ಇರುತ್ತಿದ್ದಳು. ಹೊರಗಿನ ವ್ಯವಹಾರವೆಲ್ಲ ಹುಡುಗಿಯ ಕಾಕಾನದು, ಅಂದರೆ ಅಪ್ಪನ ತಮ್ಮನದು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ, ನಮ್ರ ಮಾತು. ನಮ್ಮ ಶಾಲೆಯ ಪಾಲಕ-ಶಿಕ್ಷಕ ಸಂಘಕ್ಕೆ ಅವನೇ ಉಪಾಧ್ಯಕ್ಷ. ಒಂದು ಸಭೆಯನ್ನೂ ತಪ್ಪಿಸಿದವನಲ್ಲ. ಪಾಲಕರೆಂದರೆ ಹೀಗಿರಬೇಕು ಎಂದು ಹೆಡ್ ಮಾಸ್ತರರು ಉಳಿದವರಿಗೆ ಅವನನ್ನೇ ತೋರಿಸುತ್ತಿದ್ದರು.

ಹುಡುಗಿಯದು ಮಾತು ಕಡಿಮೆ. ಬರೆಯುವಾಗ ಮಾತ್ರ ಒಮ್ಮೊಮ್ಮೆ ಬಾಯಿ ಬಿಡುತ್ತಿದ್ದಳು. ಒಂದು ದಿನ ಚೀಟಿ ಬರೆಯುತ್ತ ಬರೆಯುತ್ತ ಕೇಳಿದಳು.

"ಬಾಯಾರ, ಕಂಡಕ್ಟರ್ ಆಗಾಕ ಹತ್ತನೇತ್ತ ಪಾಸಾದ್ರ ಸಾಕೇನ್ರಿ?"

"ಸಾಕಂತ ಕಾಣ್ತದ. ಯಾಕ?"

"ಜತ್ತದ ಬಸ್ಸಿಗೆ ಒಬ್ಬಾಕಿ ಕಂಡಕ್ಟರ್ ಬರ್ತಾಳ್ರಿ. ಸೀಟಿ ಹೊಡದ್ಲಂದ್ರ ಬಸ್ಸ ಗಪ್ಪನ ನಿಂದರತೈತಿ. ಗಂಡಸರು ಸುದ್ದಾ ಆಕಿ ಹೇಳಿದ್ದ ಕೇಳ್ತಾರ." ಇಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ನಾನು ಯಾರ ಮುಂದೂ ಹೇಳಲಿಲ್ಲ. ಹೇಳಬೇಕಾಗಿದ್ದವಳು ಒಬ್ಬಳಿದ್ದಳು, ಅವಳ ಮುಂದೆಯೂ ಹೇಳಲಿಲ್ಲ.

ಶಿವರಾತ್ರಿ ಮುಗಿದ ವಾರ ಫೈಲು ತರಲು ಗಿರಣಿಗೆ ಹೋದಾಗ ಅವಳ ಅವ್ವ ಅಲ್ಲೇ ಇದ್ದಳು. ಬುಟ್ಟಿ ಕೆಳಗಿಟ್ಟು, ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನ ಐತ್ರಿ ಬಾಯಾರ ಇದರಾಗ?"

ನನಗೆ ಬಸ್ಸಿನ ಹೊತ್ತಾಗಿತ್ತು. "ಏನಿಲ್ಲವಾ, ಸಾಲಿ ಕಾಗದ. ಸಾಲಿ ಕಾಗದ ಬಂತಂದ್ರ ಹೆಬ್ಬಟ್ಟ ಒತ್ತಬೇಕು, ತಡಾ ಮಾಡಬಾರದು. ಅಷ್ಟ ನೆಪ್ಪಿಡ್ರಿ."

"ಒತ್ತೇನ್ರಿ." ಒತ್ತಿದಳು. ಆಮೇಲೆ ಸೆರಗಿನಿಂದ ಬೆರಳು ಒರೆಸುತ್ತ, "ನಿಮ್ಮ ಕೂಡ ಒಂದ ಮಾತ ಆಡೂದಿತ್ರಿ. ಹುಡುಗಿದು," ಎಂದಳು.

"ಸಭಾಕ್ಕ ಬರ್ರಿ. ಕುಂತ ಮಾತಾಡೂಣು."

"ಸಭಾಕ್ಕ ಹ್ಯಾಂಗ ಬರ್ಲಿರಿ, ಮರಿ ಅದಾವು."

ಗಿರಣಿಯ ಸದ್ದು ಜೋರಾಗಿತ್ತು. ನಾನು ಕೈಯಿಂದಲೇ ಸನ್ನೆ ಮಾಡಿ ಹೊರಟುಬಿಟ್ಟೆ. ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು.

ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿದು ಫಲಿತಾಂಶ ಕೊಟ್ಟೆವು. ಹುಡುಗಿ ಚಲೋ ಅಂಕ ತೆಗೆದು ಪಾಸಾಗಿದ್ದಳು. ಮೇ ತಿಂಗಳಲ್ಲಿ ದಾಖಲಾತಿಯ ಕೆಲಸಕ್ಕೆಂದು ನಾನು, ಕ್ಲರ್ಕು ಇಬ್ಬರೇ ಕಚೇರಿಯಲ್ಲಿ ಕೂತಿದ್ದ ದಿನ ಕಾಕಾ ಬಂದ. ಶಾಲೆ ಬಿಟ್ಟ ದಾಖಲೆ ಬೇಕೆಂದು ಅರ್ಜಿ ತಂದಿದ್ದ. ಅಣ್ಣ ಈ ಸಲ ಹೆಂಡತಿಯನ್ನೂ ಹಿಂಡಿನ ಜೊತೆ ಕರೆದೊಯ್ಯುತ್ತಾನೆ, ಹುಡುಗಿ ಗಡಿಯಾಚೆ ಸೋದರತ್ತೆಯ ಊರಲ್ಲಿ ಹತ್ತನೇ ತರಗತಿ ಓದುತ್ತಾಳೆ, ಈಗಾಗಲೇ ಅಲ್ಲಿಗೆ ಹೋಗಿದ್ದಾಳೆ ಎಂದ. ಕುರಿಯವರ ಮನೆಗಳಲ್ಲಿ ಇದು ಹೊಸದಲ್ಲ.

ಅರ್ಜಿ ಮರಾಠಿಯಲ್ಲಿತ್ತು. ಕೆಳಗೆ ತಾಯಿಯ ಹೆಬ್ಬೆಟ್ಟು. ಹೆಬ್ಬೆಟ್ಟಿನ ಕಾಗದಗಳಿಗೆ ಒಂದು ನಿಯಮವಿದೆ. ಮೇಲಿನ ಮಜಕೂರನ್ನು ಹೆಬ್ಬೆಟ್ಟು ಒತ್ತಿದವರಿಗೆ ಓದಿ ಹೇಳಲಾಗಿದೆ ಎಂದು ಒಂದು ಸಾಲು, ಅದರ ಕೆಳಗೆ ಓದಿ ಹೇಳಿದವರ ಸಹಿ. ಸಹಿಯ ಜಾಗ ಖಾಲಿ ಇತ್ತು.

ಕ್ಲರ್ಕು ಹಳೆಯ ಮನುಷ್ಯ, ನಿಧಾನಸ್ಥ. ನನ್ನನ್ನು ಬದಿಗೆ ಕರೆದ. "ಬಾಯಾರ, ತಾಯಿನ್ನ ಒಮ್ಮೆ ಕರಸೂಣೇನ್ರಿ? ಹುಡುಗಿ ಹತ್ತನೇತ್ತಕ್ಕ ಬಂದೈತಿ. ಈಗ್ಯಾಕ ತಗೀತಾರ?"

ನಾನು ಕಾಗದ ತಿರುಗಿಸಿ ನೋಡಿದೆ. ನೇರಳೆ ಶಾಯಿ, ನಡುವೆ ಬಿಳಿ ಗೆರೆ, ಅಲ್ಲಲ್ಲಿ ಹಿಟ್ಟಿನ ಕಣ. ಗಿರಣಿಯಲ್ಲಿ ತಾಯಿಯೇ ತನ್ನ ಕೈಯಾರೆ ಒತ್ತಿದ್ದು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ನನ್ನ ಜಾಣತನದ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

"ಈ ಬಿಸಲಾಗ ಆಕಿನ್ನ ಯಾಕ ಕರಸ್ತೀರಿ? ಇದು ಆಕಿದ ಹೆಬ್ಬಟ್ಟ. ನಾ ಗುರುತ ಹಿಡೀತೀನಿ. ಕೊಡ್ರಿ ಇಲ್ಲೆ," ಎಂದು ಓದಿ ಹೇಳಿದವರ ಸಹಿ ಇರಬೇಕಾದ ಜಾಗದಲ್ಲಿ ನನ್ನ ಸಹಿ ಹಾಕಿದೆ. ಖಾಲಿ ಜಾಗ ತುಂಬಿತು. ದಾಖಲೆ ತಯಾರಾಯಿತು. ಕಾಕಾ ಕೈ ಮುಗಿದು ಹೋದ.

ಆ ದಿನ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಹುಡುಗಿಯ ಮೇಲೆ ಸಿಟ್ಟು ಬಂದಿತ್ತು. ವರ್ಷವಿಡೀ ನನ್ನ ಪಕ್ಕದಲ್ಲಿ ಕೂತು ಬರೆದವಳು ಹೋಗುವಾಗ ಒಂದು ಮಾತು ಹೇಳಲಿಲ್ಲವಲ್ಲ ಎಂದು ಸಂಜೆವರೆಗೂ ಮುಖ ಊದಿಸಿಕೊಂಡಿದ್ದೆ.

ಜೂನಿನಲ್ಲಿ ಶಾಲೆ ಆರಂಭವಾಯಿತು. ಮೊದಲ ದಿನವೇ, ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದಾಗ, ಶಿಕ್ಷಕರ ಕೋಣೆಯ ಬಾಗಿಲಲ್ಲಿ ಆ ಅವ್ವ ನಿಂತಿದ್ದಳು. ಕುರಿಯ ಹಿಂದೆ ಊರು ಬಿಟ್ಟಿದ್ದಾಳೆ ಎಂದುಕೊಂಡಿದ್ದ ಹೆಂಗಸು. ಕೈಯಲ್ಲಿ ಮಗಳ ಒಂಬತ್ತನೇ ತರಗತಿಯ ಪ್ರಗತಿ ಪುಸ್ತಕ. ನಾನು ಶಾಲೆಯಲ್ಲಿ ಅವಳನ್ನು ಕಂಡದ್ದು ಅದೇ ಮೊದಲು.

"ಬರ್ರಿ, ಒಳಗ ಕುಂದ್ರಿ," ಎಂದೆ. ಅವಳು ಬರಲಿಲ್ಲ.

"ನಮ್ಮ ಹುಡುಗಿ ಏನ ತಪ್ಪ ಮಾಡಿದ್ಲ್ರಿ?"

"ಯಾಕವಾ, ಏನಾತು?"

"ಸಾಲ್ಯಾಗಿಂದ ಹೆಸರ ಹೊಡದ ಹಾಕೀರೆಲ್ಲಾ. ಪಾಸ ಆಗಿದ್ಲು. ಏನರ ಕದ್ಲೇನ್ರಿ? ಯಾರಿಗರ ಎದರ ಮಾತಾಡಿದ್ಲೇನ್ರಿ? ನನ್ನ ಕರದ ಹೇಳಿದ್ರ ನಾ ಬಡದ ಬುದ್ಧಿ ಹೇಳತಿದ್ನೆಲ್ಲಾ. ಹೆಸರ ಯಾಕ ಹೊಡದ್ರಿ?"

ಅವಳನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ನಾನೂ ಅವಳೆದುರು ನೆಲದ ಮೇಲೆ ಕೂತೆ. ಒಂದೊಂದೇ ಕೇಳಿದೆ, ಒಂದೊಂದೇ ಹೇಳಿದಳು.

ಶಿವರಾತ್ರಿಯ ಹೊತ್ತಿಗೇ ಕಾಕಾ ಹುಡುಗಿಗೆ ಗಂಡು ನೋಡಿದ್ದ. ಗಡಿಯಾಚೆ ವಿಜಯಪುರ ಜಿಲ್ಲೆಯ ಒಂದು ಊರು, ಅವರದೂ ದೊಡ್ಡ ಹಿಂಡು. ಅವ್ವ ಒಪ್ಪಿರಲಿಲ್ಲ. ಹುಡುಗಿ ಸಾಲಿ ಕಲಿಯಾಕತ್ತೈತಿ, ಮುಗೀಲಿ ಎಂದಿದ್ದಳು. ಗಿರಣಿಯಲ್ಲಿ ನನ್ನ ಜೊತೆ ಆಡಬೇಕೆಂದಿದ್ದ ಆ ಒಂದು ಮಾತು ಇದೇ. ಬಾಯಾರು ಒಮ್ಮೆ ಮನೆಗೆ ಬಂದು ಮೈದುನನಿಗೆ ಹೇಳಿದರೆ ಕೇಳಿಯಾನು ಎಂದು ಅವಳ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಕಾಕಾ ಹುಡುಗಿಯನ್ನು ರಜೆಗೆಂದು ಸೋದರತ್ತೆಯ ಮನೆಗೆ ಕಳಿಸಿದ. ಅದೇ ವಾರ ಗಿರಣಿಯ ಫೈಲಿನಲ್ಲಿ ಇವಳ ಹೆಸರಿನ ಕಾಗದ ಇತ್ತು. ಕಾಕಾನೇ ಅದನ್ನು ಅದರಲ್ಲಿ ಇಟ್ಟಿದ್ದ. ಗಿರಣಿಯವನು ಎಂದಿನಂತೆ ಹೆಸರು ಕರೆದ. ಇವಳು ಎಂದಿನಂತೆ ಒತ್ತಿದಳು. ನಾನು ಫೈಲು ತರುವ ಮೊದಲೇ ಕಾಕಾ ಅದನ್ನು ತೆಗೆದುಕೊಂಡು ಹೋಗಿದ್ದ.

"ಸಾಲಿ ಕಾಗದ ಬಂತಂದ್ರ ತಡಾ ಮಾಡಬಾರದಂತ ನೀವ ಹೇಳಿದ್ರೆಲ್ಲಾ," ಎಂದಳು. ದೂರಿನ ದನಿಯಲ್ಲಿ ಅಲ್ಲ. ಹೇಳಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದವರ ದನಿಯಲ್ಲಿ.

ಹದಿನೈದು ದಿನಕ್ಕೆ ಕಾಕಾ ನಾವು ಕೊಟ್ಟ ದಾಖಲೆಯನ್ನು ತಂದು ಅವಳೆದುರು ಹಿಡಿದಿದ್ದ. ನೋಡು, ಶಾಲೆಯವರೇ ಹೆಸರು ಹೊಡೆದು ಹಾಕಿದ್ದಾರೆ, ಮುದ್ರೆ ಇದೆ, ಸಹಿ ಇದೆ, ಇನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುತ್ತಿ ಎಂದಿದ್ದ. ಶಾಲೆಯೇ ಬೇಡವೆಂದ ಮೇಲೆ ಅವಳ ಬಾಯಿ ಕಟ್ಟಿಹೋಯಿತು. ಮೇ ಕೊನೆಗೆ ಸೋದರತ್ತೆಯ ಮನೆಯ ಅಂಗಳದಲ್ಲಿ ನಾಲ್ಕು ಜನರ ನಡುವೆ ಮದುವೆ ಮಾಡಿದರು. ಅಪ್ಪ ಹಿಂಡು ಬಿಟ್ಟು ಒಂದು ದಿನಕ್ಕೆ ಬಂದು ಹೋದ.

"ನಾನೂ ಅಕ್ಕಿ ಹಾಕೀನ್ರಿ," ಎಂದು ತನ್ನ ಅಂಗೈ ನೋಡಿಕೊಂಡಳು. "ಆಕಿ ಒಂದ ಕೇಳಿದ್ಲು. ಅವ್ವಾ, ಬಾಯಾರು ನಿನಗ ಏನೂ ಹೇಳಿಲ್ಲೇನು ಅಂತ."

ಆಮೇಲೆ ನಾನು ಅವಳಿಗೆ ಕಂಡಕ್ಟರಿನ ಸಂಗತಿ ಹೇಳಿದೆ. ಅವಳು ಪ್ರಗತಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡಳು. "ನನಗ ಹೇಳಿಲ್ಲ," ಎಂದಳು. "ಸೀಟಿ ಊದೂದಂದ್ರ ಸಣ್ಣಾಕಿದ್ದಾಗಿಂದ ಜೀವ ಆಕಿಗಿ."

ಮಗಳ ಆಸೆ ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ಮೈದುನನ ಹುನ್ನಾರ ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಇಬ್ಬರೂ ಒಂದು ದಿನ ಎದುರುಬದುರು ಅರ್ಧ ತಾಸು ಕೂತಿದ್ದರೆ ಸಾಕಿತ್ತು. ಜತ್ತದಲ್ಲಿ ನಾನು ಭಾಷಣ ಮಾಡಿದ್ದು ಅದೇ ಅರ್ಧ ತಾಸು.

ಹೆಡ್ ಮಾಸ್ತರರ ಬಳಿ ಹೋದೆ. ಅವರು ಕೆಟ್ಟವರಲ್ಲ, ಅಂಜುಕುಳಿ. "ಅರ್ಜ ಬಂದೈತಿ, ದಾಖಲೆ ಕೊಟ್ಟೇವಿ. ಕಾಗದ ಎಲ್ಲಾ ಬರೋಬ್ಬರಿ ಅದಾವ. ನಮ್ಮ ಕಡಿಂದ ತಪ್ಪಿಲ್ಲ. ನೀವ ಯಾಕ ಮೈಮ್ಯಾಲ ಹಾಕ್ಕೋತೀರಿ?" ಎಂದರು. ಮರುಪ್ರವೇಶ ಕೊಡಲು ಅಡ್ಡಿಯಿಲ್ಲ, ಹುಡುಗಿ ಬಂದು ನಿಲ್ಲಬೇಕು ಅಷ್ಟೆ ಎಂದೂ ಹೇಳಿದರು. ಅಂದು ಮಧ್ಯಾಹ್ನವೇ ನಾನು ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ಎಲ್ಲ ತಿಳಿಸಿದೆ. ನೋಡುತ್ತೇವೆ, ಎರಡು ರಾಜ್ಯದ ಮಾತು, ಎರಡು ದಿನ ಬೇಕು ಎಂದರು. ಅವ್ವನಿಗೆ ಎರಡು ದಿನ ಕಾಯುವ ತ್ರಾಣವಿರಲಿಲ್ಲ. ನನಗೂ ಇರಲಿಲ್ಲ.

ಮರುದಿನ ರಜೆ ಹಾಕಿ ಇಬ್ಬರೂ ಬೀಗರ ಊರಿಗೆ ಹೊರಟೆವು. ಜತ್ತದಲ್ಲಿ ಬಸ್ಸು ಬದಲಿಸಿದೆವು. ಅವಳು ಮಗಳ ಶಾಲೆಯ ಸಮವಸ್ತ್ರವನ್ನು ಒಗೆದು ಮಡಿಚಿ ಚೀಲದಲ್ಲಿ ತಂದಿದ್ದಳು. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ. ನನ್ನ ಹತ್ತಿರ ಮರುಪ್ರವೇಶದ ಅರ್ಜಿ ಇತ್ತು, ಈ ಬಾರಿ ಕನ್ನಡದಲ್ಲಿ, ನಾನೇ ಬರೆದದ್ದು. ನನ್ನ ಅಕ್ಷರ ಹುಡುಗಿಯ ಅಕ್ಷರದಷ್ಟು ಚೆಂದವಲ್ಲ.

ಆ ಊರಿನಲ್ಲಿ ಬಸ್ಸು ನಿಲ್ಲುವಲ್ಲೇ ಬೀಗರ ಮನೆ. ಬಾಗಿಲಿಗೆ ಬೀಗ. ಹಟ್ಟಿ ಖಾಲಿ, ಬೇಲಿಯ ಮುಳ್ಳಿಗೆ ಉಣ್ಣೆ ಸಿಕ್ಕಿಕೊಂಡಿತ್ತು, ಹಿಕ್ಕೆ ಒಣಗಿತ್ತು. ಎದುರು ಮನೆಯ ಮುದುಕಿ ಹೊರಗೆ ಬಂದಳು.

"ಹಿಂಡ ಹೊಡಕೊಂಡ ಹೋಗಿ ನಾಕ ದಿನಾ ಆತ್ರಿ. ಹೊಸಾ ಸೊಸಿನೂ ಕರಕೊಂಡ ಹೋದ್ರು. ಈ ಸಲ ಇಲ್ಲಿ ಮಳಿ ಆಗಿಲ್ಲ. ಎತ್ತಾಗ ಅಂದ್ರ ಹ್ಯಾಂಗ ಹೇಳ್ಲಿ, ಮೇವ ಇದ್ದ ಕಡೆ."

ಅವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಮುದುಕಿ ನೀರು ತಂದುಕೊಟ್ಟಳು. "ಹುಡುಗಿ ಚಲೋ ಐತ್ರಿ. ಮಾತಿಲ್ಲ ಕತಿಯಿಲ್ಲ. ಖರೇ ಒಂದ ಚಾಳಿ ಐತಿ ನೋಡ್ರಿ ಆಕಿಗಿ. ಬಸ್ಸ ಬಂದ ಸಪ್ಪಳಾತಂದ್ರ ಕೈಯಾಗಿನ ಕೆಲಸ ಬಿಟ್ಟ ಹೊರಗ ಬಂದ ನಿಂದರತಿತ್ತು. ಬಸ್ಸ ಹೋಗೂ ಮಟಾ ನಿಂದರತಿತ್ತು. ತವರಿಂದ ಯಾರರ ಬರ್ತಾರಂತ ಹಾದಿ ಕಾಯ್ತೈತೇನೋ ಅಂದ್ಕೊಂಡೆ ನಾ."

ಅವ್ವ ನನ್ನ ಕಡೆ ನೋಡಿದಳು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಸಹಾಯವಾಣಿಯ ಅಧಿಕಾರಿಗಳು ಹೇಳಿದ ಹಾಗೆ ಎರಡು ದಿನಕ್ಕೆ ಹೋದರು. ಅದೇ ಬೀಗ ನೋಡಿ ಬಂದರು. ಕಾಕಾನನ್ನು ಕರೆಸಿ ಹೇಳಿಕೆ ಬರೆಸಿಕೊಂಡರು, ಪ್ರಕರಣ ದಾಖಲಾಯಿತು. ಅವನು ಕಚೇರಿಯಿಂದ ಹೊರಗೆ ಬಂದವನು ನನ್ನ ಮುಂದೆ ನಿಂತು ಟೋಪಿ ಸರಿಮಾಡಿಕೊಂಡ. "ತಾಯಿಗಿ ಓದಿ ಹೇಳೇವಂತ ನಿಮ್ಮ ಸಹಿ ಐತೆಲ್ಲಾ ಬಾಯಾರ, ಅರ್ಜದ ಮ್ಯಾಲ," ಎಂದ. ಎಂದಿನ ನಮ್ರ ದನಿಯಲ್ಲೇ ಎಂದ. ಅಧಿಕಾರಿಗಳ ಮುಂದೆ ನಾನೂ ಹೇಳಿಕೆ ಕೊಟ್ಟೆ. ಓದಿ ಹೇಳದೆ ಸಹಿ ಹಾಕಿದ್ದೇನೆ ಎಂದು ಬರೆದುಕೊಟ್ಟೆ. ಹೆಡ್ ಮಾಸ್ತರರು ಎರಡು ವಾರ ನನ್ನ ಜೊತೆ ಮಾತು ಬಿಟ್ಟರು.

ಆ ಶನಿವಾರ ಗಿರಣಿಗೆ ಹೋಗಿ ಹಗ್ಗ ಬಿಚ್ಚಿ ಫೈಲನ್ನೂ ಪ್ಯಾಡನ್ನೂ ತಂದೆ. ಗಿರಣಿಯವನು ಕಣ್ಣು ತಗ್ಗಿಸಿದ್ದ. "ನಾನ ಕರದೀನ್ರಿ ಆಕಿ ಹೆಸರ," ಎಂದ. ಅವನಿಗೆ ಸಮಾಧಾನ ಹೇಳುವ ಯೋಗ್ಯತೆಯೂ ನನಗಿರಲಿಲ್ಲ.

ಇನ್ನು ಮುಂದೆ ಓದಿ ಹೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ ಎಂದು, ಹೆಡ್ ಮಾಸ್ತರರು ಮತ್ತೆ ಮಾತಾಡಿದ ದಿನವೇ ಅವರಿಗೆ ತಿಳಿಸಿದೆ.

"ಓದಕೋತ ಕುಂತ್ರ ಒಂದ ಚೀಟಿನೂ ಟೈಮಿಗಿ ಬರೂದಿಲ್ಲ. ಸಾಹೇಬರಿಗಿ ಏನ ಹೇಳ್ಲಿ?"

"ಬಾಕಿ ಅದಾವಂತ ಹೇಳ್ರಿ."

ಸಭೆಯ ದಿನವನ್ನೂ ಬದಲಿಸಿದೆ. ತಾಯಂದಿರು ಬರುವುದಿಲ್ಲ ಎಂದು ಬೈಯುವ ಬದಲು ಅವರಿಗೆ ಯಾವ ದಿನ ಬಿಡುವು ಎಂದು ಮೊದಲ ಬಾರಿ ಯೋಚಿಸಿದೆ. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಹೊಲದ ಕೂಲಿಗೂ ಯಾರೂ ಹೋಗುವುದಿಲ್ಲ. ಸುತ್ತಲ ಊರುಗಳ ಹೆಂಗಸರು ಅಂದು ದಾನಮ್ಮ ದೇವಿಯ ದರ್ಶನಕ್ಕೆ ಗುಡ್ಡಾಪುರಕ್ಕೆ ನಡೆದು ಹೋಗುತ್ತಾರೆ, ಅವರ ದಾರಿ ನಮ್ಮ ಶಾಲೆಯ ಮುಂದೆಯೇ. ಬೇವಿನ ನೆರಳಿಗೆ ಕೂತು ನೀರು ಕುಡಿದು ಮುಂದೆ ಹೋಗುವ ರೂಢಿ ಮೊದಲಿನಿಂದಲೂ ಇತ್ತು. ಇಷ್ಟು ವರ್ಷ ನಾವು ಒಳಗೆ ಕೂತು ತಾಯಂದಿರು ಬರುವುದಿಲ್ಲ ಎಂದು ನಡಾವಳಿ ಬರೆಯುತ್ತಿದ್ದೆವು, ಅವರು ಹೊರಗೆ ನಮ್ಮದೇ ಗಿಡದ ಕೆಳಗೆ ರೊಟ್ಟಿ ತಿನ್ನುತ್ತಿದ್ದರು.

ಮೊದಲ ಅಮಾವಾಸ್ಯೆಯ ಬೆಳಿಗ್ಗೆ ಗಿಡದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ನಾನು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹತ್ತಿರ ಕೂತು ಹೆಸರು ಬರೆದುಕೊಂಡೆ. ತಾಯಿಯ ಹೆಸರು, ಮಗುವಿನ ಹೆಸರು, ತರಗತಿ. ಕೊನೆಯ ಸಾಲಿನಲ್ಲಿ ಆ ಅವ್ವ ಕೂತಿದ್ದಳು. ನನ್ನ ಪೆನ್ನು ನಿಂತಿತು. ಅವಳ ಮಗಳು ನಮ್ಮ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಅವಳಿಗೆ ಹೇಳುವುದು ಹೇಗೆ?

"ಹತ್ತನೇತ್ತ ಅಂತ ಬರೀರಿ," ಎಂದಳು.

ಬರೆದೆ.

ಆಮೇಲೆ ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. ಒಬ್ಬ ಹುಡುಗಿಯ ಶಾಲೆ ಬಿಡಿಸುವ ಕಾಗದಕ್ಕೆ, ಅವಳ ತಾಯಿಗೆ ಓದಿ ಹೇಳಿದ್ದೇನೆ ಎಂದು ಸುಳ್ಳು ಸಹಿ ಹಾಕಿದವಳು ನಾನು, ಓದಿ ಹೇಳುವ ತನಕ ಯಾವ ಕಾಗದಕ್ಕೂ ಬೆರಳು ಒತ್ತಬೇಡಿ, ನಾನೇ ತಂದರೂ ಒತ್ತಬೇಡಿ ಎಂದೆ. ಹೆಂಗಸರಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವ್ವ ಕೂತಲ್ಲಿಂದಲೇ ಕೇಳಿದಳು. "ಆ ಕಾಗದ ಐತೇನ್ರಿ?"

ಇತ್ತು. ಕ್ಲರ್ಕು ಒಳಗಿನಿಂದ ಕಡತ ತಂದುಕೊಟ್ಟ. ನಾನು ಅವಳ ಪಕ್ಕದಲ್ಲಿ ಕೂತೆ.

"ಓದ್ರಿ," ಎಂದಳು.

ಒಂದೊಂದು ಸಾಲು ಮರಾಠಿಯಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ನನ್ನ ಮಗಳು ಒಂಬತ್ತನೇ ತರಗತಿ ಪಾಸಾಗಿರುತ್ತಾಳೆ. ನಾವು ಕುರಿ ಮೇಯಿಸಲು ಊರು ಬಿಟ್ಟು ಹೋಗುತ್ತಿರುವುದರಿಂದ ಅವಳನ್ನು ಈ ಶಾಲೆಯಿಂದ ತೆಗೆಯುತ್ತಿದ್ದೇನೆ. ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೇಲಿನ ಮಜಕೂರನ್ನು ನನಗೆ ಓದಿ ಹೇಳಲಾಗಿದೆ, ನನಗೆ ತಿಳಿದಿದೆ.

ಅವಳು ಪ್ರತಿ ಸಾಲಿಗೂ ತಲೆಯಾಡಿಸಿದಳು. ಕೊನೆಗೆ ಬಂದಾಗ ನಾನು ನಿಲ್ಲಿಸಿದೆ.

"ಅದರ ತೆಳಗ ಏನ ಐತ್ರಿ?"

"ನಿಮ್ಮ ಹೆಬ್ಬಟ್ಟ."

"ಅದರ ತೆಳಗ?"

"ಓದಿ ಹೇಳಿದವರ ಸಹಿ. ನನ್ನ ಹೆಸರ."

ಅವಳು ಕಾಗದವನ್ನು ತನ್ನ ಮೊಳಕಾಲ ಮೇಲೆ ಇಟ್ಟುಕೊಂಡು, ನೇರಳೆ ಗುರುತಿನ ಪಕ್ಕಕ್ಕೆ ತನ್ನ ಹೆಬ್ಬೆಟ್ಟು ಹಿಡಿದು, ಗೆರೆಗೆ ಗೆರೆ ತಾಳೆ ನೋಡಿದಳು. ಆಮೇಲೆ ಕಾಗದವನ್ನು ನನಗೆ ತಿರುಗಿ ಕೊಟ್ಟಳು. ಮುಂದೆ ಹೋಗುವ ಹೆಂಗಸರು ಆಗಲೇ ಗಂಟು ಎತ್ತಿಕೊಂಡು ಅವಳನ್ನು ಕರೆಯುತ್ತಿದ್ದರು. ಅವಳೂ ಎದ್ದು ಸೆರಗು ಕೊಡವಿಕೊಂಡಳು.

"ಈಗ ಓದಿ ಹೇಳಿದ್ರೆಲ್ಲಾ ಬಾಯಾರ," ಎಂದಳು. ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಇನ್ನ ನಿಮ್ಮ ಸಹಿ ಖರೇ ಆತು."

ಹೇಳಿ ಉಳಿದವರ ಜೊತೆ ಗುಡ್ಡಾಪುರದ ದಾರಿ ಹಿಡಿದಳು. ನಾನು ಇದನ್ನು ಬರೆಯುವ ಹೊತ್ತಿಗೂ ಆ ಹಿಂಡು ಯಾರ ಕಣ್ಣಿಗೂ ಬಿದ್ದಿಲ್ಲ. ಅವಳು ಪ್ರತಿ ಅಮಾವಾಸ್ಯೆಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ಅವಳ ಹೆಸರಿನ ಮುಂದೆ ನಾನು ಹತ್ತನೇ ತರಗತಿ ಎಂದು ಬರೆಯುತ್ತೇನೆ.